ಉಣ್ಣುವವನ ಕೈಯಲ್ಲಿ ಅಳತೆ

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ನೆಲೋಗಿ ಎಂಬ ಊರಿದೆ. 2004ರಿಂದ 2006ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಧರ್ಮಸಿಂಗ್ ಅವರ ಹುಟ್ಟೂರು ಎಂದರೆ ಅನೇಕರಿಗೆ ಗುರುತು ಹತ್ತೀತು. ಆ ಊರಿನಲ್ಲಾಗಲಿ, ಅತ್ತ ಅಫಜಲಪುರ, ಆಳಂದದ ಕಡೆಯಲ್ಲಾಗಲಿ ಮಧುಮೇಹವೆಂಬುದು ಪುಸ್ತಕದ ಮಾತು. ಜನರ ಬಾಯಲ್ಲಿರುವುದು ‘ಸಕ್ಕರಿ ಬ್ಯಾನಿ’. ಈಚೆಗೆ ಅದೂ ಸವೆದು ‘ಶುಗರ್’ ಎಂದಷ್ಟೇ ಉಳಿದಿದೆ. ‘ಅವರಿಗೆ ಶುಗರ್ ಅದ’ ಎಂದರೆ ಸಾಕು, ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನ ಕೈ ತಾನಾಗಿ ಹಿಂದೆ ಸರಿಯುತ್ತದೆ. ಆದರೆ ಅವನ ಹಿಂದೆಯೇ ಬರುವ ಅನ್ನದ ಬುಟ್ಟಿ ಅದೇ ಎಲೆಯ ಮುಂದೆ ಎರಡು ಸಲ ನಿಲ್ಲುತ್ತದೆ. ಸಿಹಿ ಬೇಡ, ಅನ್ನಕ್ಕೇನು ಅಡ್ಡಿ ಎಂಬ ಈ ನಂಬಿಕೆಯನ್ನು ಬಡಿಸುವವನೊಬ್ಬನೇ ಕಟ್ಟಿಕೊಂಡದ್ದಲ್ಲ. ಅದಕ್ಕೆ ವೈದ್ಯಶಾಸ್ತ್ರದ ಮುದ್ರೆಯೂ ಬಹಳ ಕಾಲ ಬಿದ್ದಿತ್ತು.

ಇನ್ಸುಲಿನ್ ದೊರೆತ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಈ ರೋಗಕ್ಕೆ ಔಷಧಿಯ ಚರಿತ್ರೆಯಲ್ಲದೆ ಇನ್ನೊಂದು ಚರಿತ್ರೆಯೂ ಉಂಟು. ಅದು ಪಥ್ಯದ ಮತ್ತು ಅಳತೆಯ ಚರಿತ್ರೆ. ಏನನ್ನು ಉಣ್ಣಬೇಕೆಂದು ಹೇಳುವವನು ಒಬ್ಬ, ಉಣ್ಣುವವನು ಮತ್ತೊಬ್ಬ. ಉಂಡದ್ದು ಮೈಯಲ್ಲಿ ಏನು ಮಾಡಿತೆಂದು ಅಳೆಯುವ ಸಾಧನ ಇವರಿಬ್ಬರಲ್ಲಿ ಯಾರ ಕೈಯಲ್ಲಿತ್ತು? ಈ ಒಂದು ಪ್ರಶ್ನೆಯನ್ನು ಹಿಡಿದು ನಡೆದರೆ ಪಥ್ಯದ ಬಗೆಗೆ ನಡೆದಿರುವ ಹಳೆಯ ವಾದಗಳೆಲ್ಲ ಬೇರೆಯ ಬೆಳಕಿನಲ್ಲಿ ಕಾಣುತ್ತವೆ. ನಾನು ಹೇಳಹೊರಟಿರುವುದು ಆ ಚರಿತ್ರೆಯನ್ನು.

ಚರಕ ಸುಶ್ರುತರು ಈ ಬಗೆಯ ರೋಗಗಳನ್ನು ಪ್ರಮೇಹವೆಂದು ಕರೆದು ಇಪ್ಪತ್ತು ವಿಧಗಳನ್ನು ಎಣಿಸಿದರು. ಮಧುಮೇಹ ಅವುಗಳಲ್ಲಿ ಒಂದು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಅವರು ಲಕ್ಷಣವಾಗಿ ಬರೆದಿಟ್ಟರು. ಪ್ರಪಂಚದ ಮೊದಲ ಮೂತ್ರಪರೀಕ್ಷೆಯ ಉಪಕರಣ ಇರುವೆ ಎಂದರೆ ತಪ್ಪಾಗಲಾರದು. ಅದು ಹಿತ್ತಿಲಿನಲ್ಲಿಯೇ ಇತ್ತು. ಅದನ್ನು ನೋಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕುಳಿತಲ್ಲೇ ಸುಖವಾಗಿ ಕುಳಿತಿರುವುದು, ನಿದ್ರೆಯ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸು ಇವೆಲ್ಲ ಕಾರಣವೆಂದು ಚರಕ ಹೇಳುತ್ತಾನೆ. ಜವೆಗೋಧಿಯನ್ನು ಮುಖ್ಯ ಆಹಾರವಾಗಿ ವಿಧಿಸುತ್ತಾನೆ. ಇದಕ್ಕಿಂತಲೂ ಸೂಕ್ಷ್ಮವಾದ ಒಂದು ಮಾತು ಅವರಲ್ಲಿದೆ. ರೋಗಿಗಳಲ್ಲಿ ಸ್ಥೂಲನೂ ಉಂಟು, ಕೃಶನೂ ಉಂಟು. ಸ್ಥೂಲನನ್ನು ಇಳಿಸಬೇಕು, ಕೃಶನನ್ನು ಪೋಷಿಸಬೇಕು. ಹುಟ್ಟಿನೊಡನೆ ಬಂದ ಪ್ರಮೇಹ ಬೇರೆ, ಅಪಥ್ಯದಿಂದ ಬಂದದ್ದು ಬೇರೆ ಎಂದು ಸುಶ್ರುತನೂ ವಿಂಗಡಿಸಿದ. ಎಲ್ಲರಿಗೂ ಒಂದೇ ಪಥ್ಯವನ್ನು ಹೇಳುವ ಇಂದಿನ ಉಪದೇಶಕರು ಈ ಒಂದು ವಿಂಗಡಣೆಯನ್ನು ನೆನಪಿಟ್ಟಿದ್ದರೆ ಎಷ್ಟೋ ಅನಾಹುತ ತಪ್ಪುತ್ತಿತ್ತು.

ಬಡವನಾದ, ಬಂಧುಗಳಿಲ್ಲದ ರೋಗಿಗೆ ಸುಶ್ರುತ ಹೇಳಿದ ಚಿಕಿತ್ಸೆ ಸ್ವಾರಸ್ಯವಾಗಿದೆ. ಕೊಡೆಯಿಲ್ಲದೆ, ಪಾದರಕ್ಷೆಯಿಲ್ಲದೆ, ಭಿಕ್ಷಾನ್ನವನ್ನುಂಡು ನೂರು ಯೋಜನ ನಡೆಯಬೇಕು. ಇಲ್ಲವೆ ದನಗಳ ಹಿಂದೆ ಅಲೆಯಬೇಕು. ಇಲ್ಲವೆ ಬಾವಿ ತೋಡಬೇಕು. ನಡೆಯುವುದೂ ತೋಡುವುದೂ ಸರಿಯೆ. ಬರಿಗಾಲಿನ ಮಾತನ್ನು ಮಾತ್ರ ಇಂದು ಯಾರೂ ಪಾಲಿಸಬಾರದು. ಸಕ್ಕರೆಯಿಂದ ಕಾಲಿನ ನರ ಮರಗಟ್ಟಿದವನಿಗೆ ಎರೆಹೊಲದಲ್ಲಿ ಜಾಲಿಮುಳ್ಳು ನೆಟ್ಟರೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಹುಣ್ಣು ಎಲುಬಿಗೆ ಇಳಿದಿರುತ್ತದೆ.

ಪಥ್ಯದ ವಿಷಯದಲ್ಲಿ ವೈದ್ಯರೊಳಗೇ ಒಮ್ಮತವಿಲ್ಲದಿರುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ಜೇವರ್ಗಿಯಿಂದ ಬಹಳ ದೂರವಿಲ್ಲದ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಜೈನ ವೈದ್ಯ ಉಗ್ರಾದಿತ್ಯ ನೃಪತುಂಗನ ಸಭೆಯಲ್ಲಿ ನಿಂತು ಚಿಕಿತ್ಸೆಗೆ ಮಾಂಸ ಸಲ್ಲದೆಂದು ವಾದಿಸಿದ. ಸಂಸ್ಕೃತದಲ್ಲಿರುವ ಅವನ ‘ಕಲ್ಯಾಣಕಾರಕ’ದ ಹಿತಾಹಿತ ಅಧ್ಯಾಯ ಆ ವಾದದ ನೆನಪನ್ನು ಉಳಿಸಿಕೊಂಡಿದೆ. ಅದು ಮಧುಮೇಹದ ವಾದವಲ್ಲ, ನಿಜ. ಆದರೆ ರೋಗಿಯ ತಟ್ಟೆಯಲ್ಲಿ ಏನಿರಬೇಕೆಂಬುದು ರಾಜಸಭೆಯವರೆಗೆ ಹೋಗಬಲ್ಲ ಪ್ರಶ್ನೆಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ. ಆ ಸಭೆಯಲ್ಲಿ ವಾದವಿತ್ತು, ಪ್ರಮಾಣ ವಚನಗಳಿದ್ದವು, ಅಳತೆ ಇರಲಿಲ್ಲ.

ಅಳತೆ ಹುಟ್ಟಿದ್ದು ಯುರೋಪಿನಲ್ಲಿ, ಅದೂ ಬಹಳ ನಿಧಾನವಾಗಿ. 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲಿಸ್ ಮೂತ್ರದ ಸಿಹಿಯನ್ನು ನಾಲಗೆಯಿಂದಲೇ ಗುರುತಿಸಿದ. ನೂರು ವರ್ಷಗಳ ಮೇಲೆ, 1776ರಲ್ಲಿ, ಮ್ಯಾಥ್ಯೂ ಡಾಬ್ಸನ್ ಆ ಸಿಹಿ ಸಕ್ಕರೆಯದೇ ಎಂದೂ ರಕ್ತದ್ರವದಲ್ಲಿಯೂ ಸಿಹಿ ಇದೆಯೆಂದೂ ತೋರಿಸಿದ. ಸೈನ್ಯದ ವೈದ್ಯನಾಗಿದ್ದ ಜಾನ್ ರೋಲೊ, ಮೆರೆಡಿತ್ ಎಂಬ ಕ್ಯಾಪ್ಟನ್‌ನಿಗೆ ಧಾನ್ಯವನ್ನು ಬಿಡಿಸಿ ಮಾಂಸಾಹಾರವನ್ನೇ ಕೊಟ್ಟು, ಮೂತ್ರದ ಸಕ್ಕರೆ ಅಡಗಿದುದನ್ನು 1797ರಲ್ಲಿ ಪ್ರಕಟಿಸಿದ. ಧಾನ್ಯದ ಪಿಷ್ಟವೇ ಸಕ್ಕರೆಯಾಗಿ ಇಳಿಯುತ್ತದೆಂಬ ಊಹೆಗೆ ಆಗಲೇ ಬಲ ಬಂದಿತ್ತು.

ಈ ಚರಿತ್ರೆಯಲ್ಲಿ ನನಗೆ ಬಹಳ ಮೆಚ್ಚಿಗೆಯಾದವನು ಫ್ರಾನ್ಸಿನ ಅಪೊಲಿನೇರ್ ಬುಷಾರ್ಡಾ. 1870-71ರಲ್ಲಿ ಪ್ರಷ್ಯದ ಸೈನ್ಯ ಪ್ಯಾರಿಸನ್ನು ಮುತ್ತಿ ಊರಿಗೆ ಬರುವ ಆಹಾರವನ್ನೆಲ್ಲ ತಡೆಯಿತು. ಜನ ಹಸಿದರು. ಆ ಹಸಿವಿನಲ್ಲಿ ಬುಷಾರ್ಡಾನ ಮಧುಮೇಹಿಗಳ ಮೂತ್ರದಿಂದ ಸಕ್ಕರೆ ಮಾಯವಾಯಿತು. ದುರ್ಭಿಕ್ಷ ಕಲಿಸಿದ ಈ ಪಾಠವನ್ನು ಅವನು ಶಾಂತಿಯ ಕಾಲಕ್ಕೂ ತಂದ: ಕಡಮೆ ಉಣ್ಣಿ, ಮೈ ದಣಿಸಿ ಎಂದ. ಇಷ್ಟನ್ನು ಅವನಿಗೆ ಮುಂಚೆಯೂ ಹೇಳಿದವರಿದ್ದರು. ಅವನ ಹೊಸತನವೇನೆಂದರೆ, ರೋಗಿಗಳಿಗೆ ತಮ್ಮ ಮೂತ್ರವನ್ನು ದಿನವೂ ತಾವೇ ಪರೀಕ್ಷಿಸಿಕೊಳ್ಳಲು ಕಲಿಸಿದ್ದು. ಪಥ್ಯವನ್ನು ಅಪ್ಪಣೆಯಾಗಿ ಕೊಟ್ಟವರು ಬಹಳ. ಅದು ಫಲಿಸಿತೋ ಇಲ್ಲವೋ ಎಂದು ನೋಡುವ ಕಣ್ಣನ್ನೂ ಜೊತೆಗೆ ಕೊಟ್ಟವನು ಇವನು.

ಆ ಕಣ್ಣು ಅಗ್ಗವಾದದ್ದು ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ಎಂಬ ರಸಾಯನಶಾಸ್ತ್ರಜ್ಞನಿಂದ, 1908ರ ಸುಮಾರಿಗೆ. ನಮ್ಮ ರೈತರಿಗೆ ಚೆನ್ನಾಗಿ ಪರಿಚಯವಿರುವ ಮೈಲುತುತ್ತವೇ ಅವನ ದ್ರಾವಣದ ಮುಖ್ಯ ವಸ್ತು. ಐದು ಮಿಲಿಲೀಟರಿನಷ್ಟು ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ, ಗಾಜಿನ ನಳಿಗೆಯನ್ನು ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ, ಹಸಿರಾದರೆ ಸ್ವಲ್ಪ, ಹಳದಿ, ಕಿತ್ತಳೆ ಎಂದು ಏರುತ್ತಾ ಹೋಗಿ ಕೊನೆಗೆ ಇಟ್ಟಿಗೆಯ ಕೆಂಪು. ಇಪ್ಪತ್ತನೆಯ ಶತಮಾನದ ಬಹುಭಾಗ ಈ ಬಣ್ಣಗಳೇ ಮಧುಮೇಹಿಯ ಪಂಚಾಂಗವಾಗಿದ್ದವು. ಅಕ್ಷರ ಬಾರದವರೂ ಓದಬಲ್ಲ ಪಂಚಾಂಗ! ಅದಕ್ಕೆ ಒಂದು ದೋಷವಿತ್ತು. ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟುವವರೆಗೆ ಸಾಮಾನ್ಯವಾಗಿ ಮೂತ್ರಕ್ಕೆ ಇಳಿಯುವುದೇ ಇಲ್ಲ. ಸಕ್ಕರೆ ತೀರ ಕುಸಿದಾಗಲೂ ನೀಲಿ, 170 ಇದ್ದಾಗಲೂ ನೀಲಿ. ಹೊಳೆಗೆ ನೆರೆ ಬಂದುದನ್ನು ಅಂಗಳಕ್ಕೆ ನೀರು ಬಂದ ಮೇಲೆ ತಿಳಿದಂತೆ.

ಇನ್ಸುಲಿನ್‌ಗೆ ಮುಂಚಿನ ಕೆಲವು ವರ್ಷಗಳಲ್ಲಿ ಅಮೆರಿಕದ ಫ್ರೆಡೆರಿಕ್ ಆ್ಯಲನ್ ಪಥ್ಯವನ್ನು ಅದರ ಕಟ್ಟಕಡೆಯ ಅಂಚಿಗೆ ಒಯ್ದ. ಮೂತ್ರದಲ್ಲಿ ಸಕ್ಕರೆ ನಿಲ್ಲುವವರೆಗೆ ಉಪವಾಸ, ಅನಂತರ ತೂಗಿ ಕೊಟ್ಟ ತುತ್ತು. ಅಮೆರಿಕದ ವಿದೇಶಾಂಗ ಮಂತ್ರಿಯಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್‌ನ ಮಗಳು ಎಲಿಜಬೆತ್ 1919ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಅವನ ಆರೈಕೆಗೆ ಬಂದಳು. ಮೂರು ವರ್ಷ ಆ ಹುಡುಗಿ ಹಸಿವನ್ನೇ ಉಂಡು ಬದುಕಿದಳು. 1922ರ ಆಗಸ್ಟಿನಲ್ಲಿ ಟೊರಾಂಟೊಗೆ ಬ್ಯಾಂಟಿಂಗ್‌ನ ಬಳಿ ಬಂದಾಗ ಐದಡಿ ಎತ್ತರದ ಅವಳ ತೂಕ ಸುಮಾರು ಇಪ್ಪತ್ತು ಕಿಲೋ. ಇನ್ಸುಲಿನ್ ಸಿಕ್ಕಿತು, ಅವಳು 1981ರವರೆಗೆ ಬಾಳಿದಳು. ಪಥ್ಯವಿಲ್ಲದಿದ್ದರೆ ಅವಳು ಇನ್ಸುಲಿನ್ ಬರುವವರೆಗೆ ಉಳಿಯುತ್ತಿರಲಿಲ್ಲ. ಇನ್ಸುಲಿನ್ ಬರದಿದ್ದರೆ ಪಥ್ಯವೇ ಅವಳನ್ನು ಮುಗಿಸುತ್ತಿತ್ತು. ಮಕ್ಕಳಿಗೆ ಬರುವ ಈ ಬಗೆಯಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ನನ್ನು ಸುರಿಸುವುದೇ ನಿಂತಿರುತ್ತದೆ. ಯಾವ ಧಾನ್ಯವೂ, ಯಾವ ಕಷಾಯವೂ ಆ ಕೊರತೆಯನ್ನು ತುಂಬಲಾರದು.

ಇನ್ಸುಲಿನ್ ಬಂದ ಮೇಲೆ ವಾದ ಮುಗಿಯಬೇಕಿತ್ತು, ಹೊಸದಾಗಿ ಶುರುವಾಯಿತು. ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್, ರೋಗಿ ತನ್ನ ಆಹಾರವನ್ನು ತೂಗಬೇಕು, ಮೂತ್ರವನ್ನು ಪರೀಕ್ಷಿಸಿಕೊಳ್ಳಬೇಕು, ಸಕ್ಕರೆಯನ್ನು ಹಿಡಿತದಲ್ಲಿ ಇಡಬೇಕು ಎಂದು ಬಾಳೆಲ್ಲ ಬೋಧಿಸಿದ. 1918ರಲ್ಲಿ ರೋಗಿಗಳಿಗೆಂದೇ ಕೈಪಿಡಿ ಬರೆದ. ನ್ಯೂಯಾರ್ಕಿನ ಎಡ್ವರ್ಡ್ ಟಾಲ್‌ಸ್ಟಾಯ್ ಮೊದಲಾದವರು, ಇನ್ಸುಲಿನ್ ತೆಗೆದುಕೊಂಡು ಆರಾಮವಾಗಿದ್ದರೆ ಸಾಕು, ಇಷ್ಟಬಂದದ್ದನ್ನು ಉಣ್ಣಲಿ, ಮೂತ್ರದಲ್ಲಿ ಸಕ್ಕರೆ ಹೋದರೆ ಹೋಗಲಿ ಎಂದರು. ವೈದ್ಯರ ಸಲಹೆ ಎಂದು ನಾವು ಏಕವಚನದಲ್ಲಿ ಕರೆಯುವ ವಸ್ತು ಆಗ ಹೀಗೆ ಎರಡಾಗಿತ್ತು. ಇವರಲ್ಲಿ ಯಾರು ಸರಿಯೆಂದು ನಿರ್ಣಯವಾಗಲು 1993ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಎರಡು ತಲೆಮಾರಿನ ರೋಗಿಗಳು ಯಾವ ವೈದ್ಯನ ಬಾಗಿಲಿಗೆ ಹೋದರೋ ಅವನ ಮತದಂತೆ ಬದುಕಿದರು.

ನಡುವೆ ಒಬ್ಬ ಎಂಜಿನಿಯರ್ ಬಂದ. ರಿಚರ್ಡ್ ಬರ್ನ್‌ಸ್ಟೈನ್ ನ್ಯೂಯಾರ್ಕಿನ ಬ್ರೂಕ್ಲಿನ್‌ನವರು. 1946ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಮಧುಮೇಹ ಹತ್ತಿತು. ವೈದ್ಯರ ಮಾತನ್ನು ಚಾಚೂ ತಪ್ಪದೆ ಪಾಲಿಸಿಯೂ ಮೂವತ್ತೈದರ ಹೊತ್ತಿಗೆ ಮೂತ್ರಪಿಂಡ ಸೋಲತೊಡಗಿತ್ತು. 1969ರ ಸುಮಾರಿನಲ್ಲಿ ಒಂದು ಜಾಹೀರಾತು ಅವರ ಕಣ್ಣಿಗೆ ಬಿತ್ತು: ಒಂದು ಹನಿ ರಕ್ತದಿಂದ ಸಕ್ಕರೆಯನ್ನು ಅಳೆಯುವ ಯಂತ್ರ. ರಾತ್ರಿಯ ಹೊತ್ತು ಆಸ್ಪತ್ರೆಗೆ ಪ್ರಜ್ಞೆತಪ್ಪಿ ಬಂದವನು ಕುಡಿದವನೋ ಮಧುಮೇಹಿಯೋ ಎಂದು ತಿಳಿಯಲು ಅದನ್ನು ಮಾಡಿದ್ದರು. ಮೂರು ಪೌಂಡು ತೂಕ, 650 ಡಾಲರು ಬೆಲೆ. ವೈದ್ಯರಲ್ಲದವರಿಗೆ ಅದನ್ನು ಮಾರುತ್ತಿರಲಿಲ್ಲ. ಬರ್ನ್‌ಸ್ಟೈನರ ಪತ್ನಿ ಮನೋವೈದ್ಯೆ. ಅವರ ಹೆಸರಿನಲ್ಲಿ ತರಿಸಿಕೊಂಡರು.

ದಿನಕ್ಕೆ ಹಲವು ಸಲ ಬೆರಳು ಚುಚ್ಚಿ ನೋಡಿದಾಗ ಅವರಿಗೆ ಕಂಡದ್ದು ಭಯಂಕರವಾಗಿತ್ತು. ಒಂದೇ ದಿನದಲ್ಲಿ ಸಕ್ಕರೆ 40ರ ಕೆಳಗಿನಿಂದ 400ರ ಮೇಲಕ್ಕೆ ಏರಿಳಿಯುತ್ತಿತ್ತು. ಎಂಜಿನಿಯರ್ ಬುದ್ಧಿಯವರು; ಒಂದೊಂದೇ ಅಂಶವನ್ನು ಬದಲಿಸಿ ನೋಡಿದರು. ಊಟದಲ್ಲಿನ ಶರ್ಕರಪಿಷ್ಟವನ್ನು ಬಹಳ ತಗ್ಗಿಸಿ, ಇನ್ಸುಲಿನ್ನನ್ನು ಸಣ್ಣ ಸಣ್ಣ ಪ್ರಮಾಣಗಳಾಗಿ ಹಂಚಿದಾಗ ಏರಿಳಿತ ನಿಂತಿತು. ಇದನ್ನು ಬರೆದು ವೈದ್ಯಪತ್ರಿಕೆಗಳಿಗೆ ಕಳಿಸಿದರು. ಲೇಖನಗಳು ಮರಳಿ ಬಂದವು. ರೋಗಿ ಮನೆಯಲ್ಲಿ ರಕ್ತ ಪರೀಕ್ಷಿಸಿಕೊಳ್ಳುವುದು ಯಾರಿಗೂ ಅಗತ್ಯವೆನಿಸಲಿಲ್ಲ. ಎಂಜಿನಿಯರ್ ಹೇಳಿದರೆ ಕೇಳರು, ವೈದ್ಯ ಹೇಳಿದರೆ ಕೇಳಿಯಾರು ಎಂದು ನಲವತ್ತೈದರ ವಯಸ್ಸಿನಲ್ಲಿ ವೈದ್ಯಕೀಯ ಕಾಲೇಜು ಸೇರಿ 1983ರಲ್ಲಿ ಪದವಿ ಪಡೆದರು. ಬಾಲ್ಯದಲ್ಲೇ ಇನ್ಸುಲಿನ್ ಹಿಡಿದ ಆ ಮನುಷ್ಯ ತೀರಿಕೊಂಡದ್ದು 2025ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ. ಒಬ್ಬನ ಬಾಳು ಸಿದ್ಧಾಂತಕ್ಕೆ ಪ್ರಮಾಣವಾಗದು ಎನ್ನುವವರ ಮಾತು ಸರಿ. ಆದರೂ ಆ ಬಾಳನ್ನು ಕಂಡೂ ಕುತೂಹಲ ಹುಟ್ಟದಿದ್ದರೆ ಅದನ್ನು ಶಾಸ್ತ್ರವೆನ್ನುವುದು ಕಷ್ಟ.

ಅಳತೆಯ ವಿಷಯದಲ್ಲಿ ಶಾಸ್ತ್ರ ಬೇಗನೆಯೇ ಒಪ್ಪಿತು. 1978ರಲ್ಲಿ ಲಂಡನ್ ಮತ್ತು ನಾಟಿಂಗ್‌ಹ್ಯಾಮ್‌ನ ಎರಡು ತಂಡಗಳು, ರೋಗಿಗಳು ಮನೆಯಲ್ಲಿಯೇ ರಕ್ತ ಪರೀಕ್ಷಿಸಿಕೊಳ್ಳಬಲ್ಲರು ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿದವು. 1993ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು 1441 ಇನ್ಸುಲಿನ್‌ಅವಲಂಬಿ ರೋಗಿಗಳನ್ನು ವರ್ಷಗಟ್ಟಲೆ ನೋಡಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣಿನ ಕೇಡು ತಲೆದೋರುವ ಸಂಭವ ಶೇಕಡಾ 76ರಷ್ಟು ತಗ್ಗಿತೆಂದು ವರದಿ ಮಾಡಿತು. ಜಾಸ್ಲಿನ್ ಗೆದ್ದ, ಅವನು ತೀರಿಕೊಂಡು ಮೂವತ್ತು ವರ್ಷ ಕಳೆದಿತ್ತು. ಆ ಬಿಗಿಗೆ ಬೆಲೆಯೂ ಇತ್ತು: ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವಂಥ ಪ್ರಸಂಗಗಳು ಮೂರು ಪಟ್ಟಾದವು. 2008ರಲ್ಲಿ, ಬಹುಕಾಲದ ಎರಡನೆಯ ಬಗೆಯ ಮಧುಮೇಹ ಮತ್ತು ಹೃದಯದ ಅಪಾಯ ಎರಡೂ ಇದ್ದವರಲ್ಲಿ ಔಷಧಿಯಿಂದ ಸಕ್ಕರೆಯನ್ನು ಅತಿಯಾಗಿ ಇಳಿಸಹೋದ ಅಧ್ಯಯನವೊಂದರಲ್ಲಿ ಸಾವುಗಳು ಹೆಚ್ಚಾದುದರಿಂದ ಆ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಪಥ್ಯದ ವಿಷಯದಲ್ಲಿ ಶಾಸ್ತ್ರ ಅಷ್ಟು ಬೇಗ ಒಪ್ಪಲಿಲ್ಲ. ಮಧುಮೇಹಿಗಳು ಹೃದಯಾಘಾತದಿಂದ ಸಾಯುವುದನ್ನು ಕಂಡು ಕೊಬ್ಬಿಗೆ ಹೆದರಿದ ಅಮೆರಿಕದ ಮಧುಮೇಹ ಸಂಘ, ಶರ್ಕರಪಿಷ್ಟವನ್ನು ವಿಶೇಷವಾಗಿ ತಗ್ಗಿಸಬೇಕಾಗಿಲ್ಲವೆಂದು 1971ರಲ್ಲಿ ಹೇಳಿತು. ನಮ್ಮಲ್ಲಿ ಮದರಾಸಿನ ಡಾ. ಎಂ. ವಿಶ್ವನಾಥನ್ ಹೆಚ್ಚು ಪಿಷ್ಟ, ಹೆಚ್ಚು ನಾರು ಇರುವ ಪಥ್ಯವನ್ನು ಪ್ರತಿಪಾದಿಸಿದರು. ಅದರಲ್ಲಿ ವಿವೇಕವಿತ್ತು, ತಲೆಮಾರುಗಳಿಂದ ಧಾನ್ಯ ಉಂಡ ಜನಕ್ಕೆ ರೋಲೊನ ಮಾಂಸದ ಪಥ್ಯ ಒಗ್ಗುವುದಾದರೂ ಹೇಗೆ? ಆದರೆ ವೈದ್ಯರ ಚೀಟಿಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ನಾರು ಜಾರಿ ಪಿಷ್ಟ ಮಾತ್ರ ಉಳಿಯಿತು. 2019ರಲ್ಲಿ ಅದೇ ಅಮೆರಿಕದ ಸಂಘದ ವರದಿ, ರಕ್ತದ ಸಕ್ಕರೆಯನ್ನು ಇಳಿಸಲು ಶರ್ಕರಪಿಷ್ಟವನ್ನು ಕಡಮೆ ಮಾಡುವುದಕ್ಕೆ ಎಲ್ಲಕ್ಕಿಂತ ಹೆಚ್ಚಿನ ಆಧಾರವಿದೆ ಎಂದಿತು. 2017ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ, ದಿನಕ್ಕೆ ಸುಮಾರು 850 ಕ್ಯಾಲೊರಿಯ ಪಥ್ಯವನ್ನು ಕೆಲವು ತಿಂಗಳು ನಡೆಸಿ ತೂಕ ಇಳಿಸಿದವರಲ್ಲಿ ಶೇಕಡಾ 46 ಮಂದಿಯ ಸಕ್ಕರೆ ಒಂದು ವರ್ಷದ ಕೊನೆಗೆ ಔಷಧಿಯಿಲ್ಲದೆ ಹಿಡಿತಕ್ಕೆ ಬಂದಿತ್ತು. ಎರಡನೆಯ ವರ್ಷದ ಕೊನೆಗೆ ಅದು 36ಕ್ಕೆ ಇಳಿಯಿತು. ಮುತ್ತಿಗೆಯ ಪ್ಯಾರಿಸಿನಲ್ಲಿ ಬುಷಾರ್ಡಾ ಕಂಡದ್ದನ್ನೇ ಇವರು ಶಾಂತಿಯಲ್ಲಿ ಕಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ನಮ್ಮಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿ ದಾಟಿದೆಯೆಂದು ಅಂದಾಜು ಮಾಡಿತು. ಅದೇ ಸಮೀಕ್ಷೆಯನ್ನು ಆಧರಿಸಿದ ಲೆಕ್ಕಾಚಾರ 2022ರಲ್ಲಿಯೇ ನಮ್ಮ ಊಟದ ಪಿಷ್ಟವನ್ನು ತಗ್ಗಿಸಿ ಸಸಾರಜನಕವನ್ನು ಹೆಚ್ಚಿಸಬೇಕೆಂದು ಹೇಳಿತ್ತು.

ಈಗ ನೆಲೋಗಿಗೆ ಮರಳೋಣ. ಭೀಮಾತೀರದ ಈ ಎರೆಭೂಮಿ ಹಿಂಗಾರಿ ಜೋಳದ ನಾಡು. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಝುಣಕ, ಶೇಂಗಾ ಹಿಂಡಿ, ತೊಗರಿಬೇಳೆ ಇವು ದಿನದ ಊಟ. ಅನ್ನ ಹಬ್ಬದ್ದು, ಬೀಗರು ಬಂದಾಗಿನದು. ಜೋಳದ ಹೊಲಗಳನ್ನು ತೊಗರಿ, ಹತ್ತಿ ನುಂಗಿದವು. ಅಫಜಲಪುರದ ಹೊಳೆದಂಡೆಯಲ್ಲಿ ಕಬ್ಬು ಬಂತು. ಹೊತ್ತಾರೆ ಎದ್ದು ಬುಟ್ಟಿ ತುಂಬ ರೊಟ್ಟಿ ಬಡಿಯುತ್ತಿದ್ದ ಕೈಗಳು ಕೂಲಿಗೆ ಹೋದವು. ಅನ್ನಕ್ಕೆ ಒಂದು ಕುಕ್ಕರ್ ಸಾಕು. 2013ರ ಜುಲೈನಲ್ಲಿ ಅನ್ನಭಾಗ್ಯ ಯೋಜನೆ ಕಿಲೋಗೆ 1 ರೂಪಾಯಿಯಂತೆ ಅಕ್ಕಿ ಕೊಡತೊಡಗಿತು. ಆ ಅಕ್ಕಿ ಹಸಿವನ್ನು ಓಡಿಸಿತೆಂಬುದನ್ನು ಮರೆತು ಅದನ್ನು ಹಳಿಯುವುದು ಉಂಡವರ ಜಂಬ. ಆದರೆ ಹಬ್ಬದ ಅನ್ನ ದಿನದ ಅನ್ನವಾಯಿತು, ಅದೂ ರೊಟ್ಟಿಯನ್ನು ಬಿಡಿಸಿ ಅಲ್ಲ, ಅನೇಕ ಮನೆಗಳಲ್ಲಿ ರೊಟ್ಟಿಯ ಮೇಲೆ. ಇಂಥ ಊರಿನ ರೋಗಿಗೂ ವೈದ್ಯರ ಚೀಟಿ ಹೇಳುವುದು ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನಿರಿ ಎಂದೇ. ಅನ್ನ ಉಣ್ಣುವ ಸೀಮೆಗೆಂದು ಬರೆದ ಸಲಹೆ. ನಮ್ಮ ಕಡೆಯವನು ಅದನ್ನು ಶಿರಸಾವಹಿಸಿ, ಜೋಳದ ರೊಟ್ಟಿಯನ್ನು ಬಿಟ್ಟು ಗೋಧಿಯ ಚಪಾತಿಗೆ ತಿರುಗುತ್ತಾನೆ!

ಹಾಗೆಂದು ಜೋಳವನ್ನು ಸಂಜೀವಿನಿಯೆಂದು ಹೊಗಳಲೂ ಆಗದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಪಟ್ಟಿಯಂತೆ ನೂರು ಗ್ರಾಂ ಅಕ್ಕಿಯಲ್ಲಿ ಶರ್ಕರಪಿಷ್ಟ ಸುಮಾರು 78 ಗ್ರಾಂ, ಜೋಳದಲ್ಲಿ 68. ನಾರು ಅಕ್ಕಿಯಲ್ಲಿ ಮೂರಕ್ಕೂ ಕಡಮೆ, ಜೋಳದಲ್ಲಿ ಹತ್ತು. ವ್ಯತ್ಯಾಸ ನಿಜ, ಆದರೆ ನಾಲ್ಕು ರೊಟ್ಟಿ ಉಂಡವನನ್ನು ಕಾಪಾಡುವಷ್ಟಲ್ಲ. ಮೈಸೂರಿನ ಡಾ. ಖಾದರ್ ವಲಿ ನವಣೆ, ಸಾಮೆ, ಊದಲು, ಹಾರಕ, ಕೊರಲೆ ಎಂಬ ಐದನ್ನು ಸಿರಿಧಾನ್ಯವೆಂದು ಕರೆದು, ಅವುಗಳಿಂದ ಮಧುಮೇಹವೇ ಹಿಂದೆ ಸರಿಯುತ್ತದೆಂದು ನಾಡೆಲ್ಲ ಹೇಳುತ್ತ ಬಂದಿದ್ದಾರೆ. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮರೆತ ಧಾನ್ಯಗಳನ್ನು ಪೇಟೆಯವರ ತಟ್ಟೆಗೆ ಮರಳಿ ತಂದ ಪುಣ್ಯ ಅವರಿಗೆ ಸಲ್ಲಬೇಕು. ಅವರ ವಿಂಗಡಣೆಯಲ್ಲಿ ನಮ್ಮ ಜೋಳ ತಟಸ್ಥ ಧಾನ್ಯ, ಎರಡನೆಯ ಪಂಕ್ತಿಯದು. ಕಲಬುರಗಿಯವರಿಗೆ ಇದು ರುಚಿಸಲಾರದು. ಸಿರಿಧಾನ್ಯಗಳ ಬಗೆಗೆ ಇಕ್ರಿಸ್ಯಾಟ್ ಮುಂತಾದ ಸಂಸ್ಥೆಗಳು 2021ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಧುಮೇಹಿಗಳ ಸಕ್ಕರೆ ಶೇಕಡಾ 12-15ರಷ್ಟು ಇಳಿದುದು ಕಂಡಿತು. ಅಷ್ಟು ಇಳಿಯುವುದು ಒಳ್ಳೆಯದೇ. 300 ಇದ್ದವನಿಗೆ ಅದು 255, ರೋಗ ಹೋದಂತಲ್ಲ.

ಸರಕಾರಿ ಚೀಟಿ, ಸಿರಿಧಾನ್ಯದ ಉಪನ್ಯಾಸ, ಅಜ್ಜಿಯ ಜೋಳದ ಅಭಿಮಾನ ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲ ವಸ್ತು ಇಂದು ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ನೆಲೋಗಿಯ ರೈತನೊಬ್ಬ ಹೀಗೆ ನೋಡಿದನೆನ್ನಿ: ಊಟಕ್ಕೆ ಮುಂಚೆ ಒಂದು ಹನಿ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು. ಒಂದು ದಿನ ಎರಡು ರೊಟ್ಟಿ, ಪುಂಡಿಪಲ್ಯ, ಗಟ್ಟಿ ಬೇಳೆ. ಮರುದಿನ ತಟ್ಟೆ ತುಂಬ ಅನ್ನ, ತಿಳಿಸಾರು. ಮೂರನೆಯ ದಿನ ಚೀಟಿಯ ಚಪಾತಿ. 130 ಇದ್ದದ್ದು ಒಂದು ದಿನ 170 ಆಗಿ, ಮತ್ತೊಂದು ದಿನ 240 ಆದರೆ ಅವನಿಗೆ ಯಾರ ವ್ಯಾಖ್ಯಾನವೂ ಬೇಡ. ಒಂದು ವಾರದಲ್ಲಿ ಹತ್ತು ಹನ್ನೆರಡು ಹನಿಗಳ ಖರ್ಚಿನಲ್ಲಿ ಅವನು ತನ್ನ ಮೈಯ ಪಥ್ಯವನ್ನು ತಾನು ಕಲಿತಾನು.

ಇಲ್ಲಿ ಅಧಿಕೃತ ವೈದ್ಯ ಅಡ್ಡಬಂದು ಒಂದು ಮಾತು ಹೇಳುತ್ತಾನೆ, ಅದನ್ನೂ ಕೇಳಬೇಕು. ಇನ್ಸುಲಿನ್ ತೆಗೆದುಕೊಳ್ಳದ ರೋಗಿಗಳಲ್ಲಿ ಮನೆಯ ಪರೀಕ್ಷೆಯಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ಹಲವು ಅಧ್ಯಯನಗಳು ಹೇಳಿವೆ. 2017ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ 450 ಮಂದಿಯನ್ನು ಒಂದು ವರ್ಷ ನೋಡಿದಾಗ ಅಳೆದವರಿಗೂ ಅಳೆಯದವರಿಗೂ ಅಂತರ ಕಾಣಲಿಲ್ಲ. ಬ್ರಿಟನ್ನಿನ ಸರಕಾರಿ ಮಾರ್ಗಸೂಚಿಯೂ ಇಂಥವರಿಗೆ ವಾಡಿಕೆಯಾಗಿ ಈ ಪರೀಕ್ಷೆಯನ್ನು ಸೂಚಿಸುವುದಿಲ್ಲ. ನನಗೆ ಇದು ಅಳತೆಯ ಸೋಲಾಗಿ ತೋರುವುದಿಲ್ಲ. ದಿನವೂ ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಅಂಕಿ ನೋಡಿ, ನಿಟ್ಟುಸಿರು ಬಿಟ್ಟು, ನಿನ್ನೆಯದನ್ನೇ ಉಂಡರೆ ಅಂಕಿ ಏನು ಮಾಡೀತು? ಮನುಷ್ಯಸ್ವಭಾವದ ತೊಡಕೂ ಇದೆ. 1984ರ ಒಂದು ಅಧ್ಯಯನದಲ್ಲಿ ಯಂತ್ರದೊಳಗೆ ರೋಗಿಗೆ ತಿಳಿಯದಂತೆ ಸ್ಮರಣೆಯನ್ನು ಅಡಗಿಸಿಟ್ಟು, ರೋಗಿಗಳು ಬರೆದ ಪುಸ್ತಕದೊಡನೆ ಹೋಲಿಸಿದರು. ಪುಸ್ತಕದ ಅಂಕಿಗಳು ಯಂತ್ರದ ಅಂಕಿಗಳಿಗಿಂತ ಸಭ್ಯವಾಗಿದ್ದವು! ವೈದ್ಯನನ್ನು ನೋಯಿಸಬಾರದೆಂಬ ದಾಕ್ಷಿಣ್ಯವೋ, ಬೈಸಿಕೊಳ್ಳುವ ಅಂಜಿಕೆಯೋ. ಅಳತೆ ರೋಗಿಯ ಕೈಗೆ ಬಂದರೂ ಲೆಕ್ಕ ಒಪ್ಪಿಸುವುದು ಇನ್ನೊಬ್ಬನಿಗೇ ಆಗಿತ್ತು.

ಅಳೆಯಲು ಕಲಿತವನಿಗೆ ಒಂದು ಅಪಾಯವಿದೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ಅನ್ನ ಬಿಟ್ಟ, ರೊಟ್ಟಿ ಅರ್ಧ ಮಾಡಿದ, ಆದರೆ ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್‌ನಂಥ ಮಾತ್ರೆಗಳನ್ನು ಮೊದಲಿನಷ್ಟೇ ನುಂಗಿದ ಎನ್ನಿ. ಸಕ್ಕರೆ 70ರ ಕೆಳಗಿಳಿದು ಕೈ ನಡುಗಿ, ಬೆವರಿ, ಹೊಲದ ಬದುವಿನಲ್ಲಿ ಕುಸಿದಾನು. ಶ್ರಾವಣದ ಉಪವಾಸದಲ್ಲೂ ರಮಜಾನಿನ ರೋಜಾದಲ್ಲೂ ಇದೇ ಭಯ. ತಟ್ಟೆ ಬದಲಾದಾಗ ಚೀಟಿಯೂ ಬದಲಾಗಬೇಕು, ಮತ್ತು ಚೀಟಿಯನ್ನು ಬದಲಿಸಬೇಕಾದವನು ವೈದ್ಯ. ಇನ್ಸುಲಿನ್‌ನಿಂದಲೇ ಬದುಕಿರುವ ಮಗುವಿಗೆ, ಯಾರೋ ಧಾನ್ಯದ ಮಹಿಮೆ ಹೇಳಿದರೆಂದು ಸೂಜಿ ನಿಲ್ಲಿಸಿದರೆ ಅದು ದಿನಗಳ ಮಾತು. ಎಲಿಜಬೆತ್ ಹ್ಯೂಸ್‌ಳನ್ನು ಕಾಯ್ದ ಪಥ್ಯ ಅವಳನ್ನು ಗುಣಪಡಿಸಿರಲಿಲ್ಲ.

ಕಲಬುರಗಿಗೆ ವೈದ್ಯಕೀಯ ಕಾಲೇಜು ಬಂದದ್ದು 1963ರಲ್ಲಿ. 2010ರಿಂದ ದೇಶದಲ್ಲಿ ಮಧುಮೇಹ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವಿದೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ನೋಡುತ್ತಾರೆ, ಮಾತ್ರೆ ಬಿಟ್ಟಿ ಕೊಡುತ್ತಾರೆ. ಮಾತ್ರೆಗೆ ಹೋದ ದಿನ ಒಂದು ಅಂಕಿ ಸಿಗುತ್ತದೆ. ಆ ದಿನ ಬೆಳಗ್ಗೆ ಬಹಳ ಮಂದಿ ಏನನ್ನೂ ತಿನ್ನದೆ ಹೋಗಿರುತ್ತಾರೆ, ಹಿಂದಿನ ರಾತ್ರಿಯೂ ಹಗುರಾಗಿ ಉಂಡಿರುತ್ತಾರೆ. ಮನೆಯಲ್ಲಿ ನೋಡಿಕೊಳ್ಳೋಣವೆಂದರೆ ಪರೀಕ್ಷೆಯ ಪಟ್ಟಿ ಒಂದಕ್ಕೆ ಹದಿನೈದು ಇಪ್ಪತ್ತು ರೂಪಾಯಿ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಬನ್ನಿಯ ನೆರಳಿನಲ್ಲಿ ಕುಳಿತು, ಸಜ್ಜೆರೊಟ್ಟಿ, ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಎರಡು ಗಂಟೆ ಕಳೆದ ಮೇಲೆ ಆ ಮೈಯಲ್ಲಿ ಸಕ್ಕರೆ ಎಷ್ಟಿತ್ತೆಂಬುದು ಯಾವ ಕೇಂದ್ರದ ದಫ್ತರಿನಲ್ಲಿಯೂ ಬರೆದಿರುವುದಿಲ್ಲ.